ಗೋಣೆಪ್ಪಜ್ಜನ ತೊಟ್ಟಿಲು ಪರೀಕ್ಷೆ

ಮೊಮ್ಮಗಳಿಗೆ ತೊಟ್ಟಿಲು ನೋಡಲು ಗೋಣೆಪ್ಪಜ್ಜ ಭಾಗ್ಯನಗರದ ಅಂಗಡಿಗೆ ಬಂದನೆಂದರೆ ಮಾಲೀಕ ರುದ್ರೇಶ ಮೊದಲು ಚಹಾ ತರಿಸುತ್ತಾನೆ, ಯಾಕೆಂದರೆ ಅಜ್ಜ ಬೇಗ ಏಳುವ ಗಿರಾಕಿಯಲ್ಲ. ಖಾಲಿ ತೊಟ್ಟಿಲು ತೂಗಬಾರದೆಂದು ಅವನು ಮನೆಯ ಗುಂಡುಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ ಚೀಲದಲ್ಲಿ ತಂದಿರುತ್ತಾನೆ. ಅದನ್ನು ಮಲಗಿಸಿ, "ಅಳಬ್ಯಾಡವ್ವಾ" ಎಂದು ತೂಗುತ್ತಾನೆ. ಕೀಲು ಕಿರುಗುಟ್ಟಿತೋ, ರುದ್ರೇಶನನ್ನು ದುರುಗುಟ್ಟಿ ನೋಡುತ್ತಾನೆ. ಸರಳುಗಳ ಸಂದಿಯಲ್ಲಿ ಮೋಸಂಬಿ ತೂರಿಸಿ, "ಕೂಸಿನ ತಲಿ ಸಿಕ್ಕೊಂಡ್ರ ನೀ ಬಂದು ಬಿಡಸ್ತೀಯೇನು?" ಎನ್ನುತ್ತಾನೆ. ಬಣ್ಣವನ್ನಂತೂ ನೆಕ್ಕಿಯೇ ನೋಡುತ್ತಾನೆ: "ಹಲ್ಲು ಬರೂಮುಂದ ಕೂಸು ಇದನ್ನ ಕಡೀತೈತಿ!" ಗಾಲಿಯಿದ್ದರೆ ಓಡಿಹೋದೀತು, ಇಲ್ಲದಿದ್ದರೆ ಸರಿಸಲು ಕಷ್ಟ, ಪರದೆಯಿದ್ದರೆ ಸೆಕೆ, ಇಲ್ಲದಿದ್ದರೆ ಸೊಳ್ಳೆ. ಕೊನೆಗೆ ರುದ್ರೇಶ ಅವನು ಹೇಳಿದ ತಪ್ಪುಗಳನ್ನೆಲ್ಲ ತಿದ್ದಿ ಹೊಸದೊಂದು ತೊಟ್ಟಿಲನ್ನೇ ಮಾಡಿಸಿಟ್ಟ. ಅಜ್ಜ ತೂಗಿದ, ತೂರಿಸಿದ, ನೆಕ್ಕಿದ; ಒಂದು ಕುಂದೂ ಸಿಗದೆ ಮಂಕಾಗಿ ಕೂತುಬಿಟ್ಟ. "ಇನ್ನೇನ್ ತಕರಾರ್ ಐತ್ರಿ ಅಜ್ಜಾ?" ಎಂದು ರುದ್ರೇಶ ಕೇಳಿದ. ಅಜ್ಜ ಕಲ್ಲಿನ ಕುಂಚಿಗೆ ಸರಿಮಾಡುತ್ತ, "ಏನಿಲ್ಲಪಾ. ತವರಮನಿ ತೊಟ್ಟಿಲ ಇಲ್ದ ಬಾಣಂತೀನ ಗಂಡನ ಮನಿಗೆ ಕಳಸಂಗಿಲ್ಲ. ಇದನ್ನ ಒಯ್ದೆ ಅಂದ್ರ ಮಗಳು, ಕೂಸು ಇಬ್ರೂ ಕಾರಟಗಿಗೆ ಹೋಗಿಬಿಡ್ತಾರ" ಎಂದ. ರುದ್ರೇಶ ಎಂದೋ ಒಣಗಿದ್ದ ಬಣ್ಣವನ್ನು ಬೆರಳಿನಿಂದ ಒತ್ತಿ ನೋಡಿ ಹೇಳಿದ: "ಇನ್ನೂ ಹಸೀ ಐತ್ರಿ ಅಜ್ಜಾ. ಮುಂದಿನ ವಾರ ಬರ್ರಿ."