ನೊಲೀನ್ ಮತ್ತು ಟೈಲ್ಸ್ ಮೇಸ್ತ್ರಿ

ಹೋಬರ್ಟಿನಲ್ಲಿ ಸಮುದ್ರದ ಉಬ್ಬರವಿಳಿತ ಅಳೆಯುವ ಕಚೇರಿಯಲ್ಲಿ ನೊಲೀನ್ ಟಿಲ್‌ಬ್ರುಕ್‌ಗೆ ಇಪ್ಪತ್ತಾರು ವರ್ಷದ ನೌಕರಿ. ಆಕೆಯ ಬಾಯಿಂದ ಹೊಗಳಿಕೆ ಕೇಳಿದವರಿಲ್ಲ. ಆಕೆಯದು ಒಂದೇ ಕಪ್ಪು ಪರದೆ, ಅದರಲ್ಲಿ ಹಲವು ಕೆಲಸಗಳನ್ನು ಒಟ್ಟಿಗೆ ಹಿಡಿದಿಡುವ ಟರ್ಮಿನಲ್ ಮಲ್ಟಿಪ್ಲೆಕ್ಸರ್ ಎಂಬ ತಂತ್ರಾಂಶ. ದೂರದ ಸರ್ವರ್‌ನಲ್ಲಿ ಲೆಕ್ಕ ಹಚ್ಚಿ, ಸಂಪರ್ಕ ಕಳಚಿ ಮನೆಗೆ ಹೋದರೂ ಕೆಲಸ ಅಲ್ಲಿ ನಡೆದೇ ಇರುತ್ತಿತ್ತು.

ಪಕ್ಕದ ಮೇಜಿಗೆ ಹೊಸದಾಗಿ ಬಂದ ನಲವತ್ತರ ಡಾರಿಲ್ ಪೆನಿಕಾಟ್‌ನದು ಬೇರೆಯೇ ಸಡಗರ. ಮೌಸ್ ಹಿಡಿಯುವವರೆಂದರೆ ಅವನಿಗೆ ತಾತ್ಸಾರ. ಪರದೆಯ ಮೇಲಿನ ಕಿಟಕಿಗಳು ಟೈಲ್ಸ್‌ನಂತೆ ತಾವಾಗಿಯೇ ಒಂದರ ಪಕ್ಕ ಒಂದು ಕೂರುವ ಟೈಲಿಂಗ್ ವಿಂಡೋ ಮ್ಯಾನೇಜರ್ ಹಾಕಿಕೊಂಡು, ನಡುವೆ ಸಂದು ಎಷ್ಟಿರಬೇಕು, ಅಂಚಿಗೆ ಯಾವ ಬಣ್ಣ ಎನ್ನುವುದರಲ್ಲೇ ವಾರ ಕಳೆದ.

"ಏನ್ ಮೇಸ್ತ್ರಿ, ಬಚ್ಚಲಮನೆ ಟೈಲ್ಸ್ ಕೂರ್ಸಿದ್ದಾಯ್ತಾ?" ಎಂದಳು ನೊಲೀನ್.

"ನಿಂದು ಒಂದೇ ಕಿಟಕಿ. ಜೈಲಲ್ಲೂ ಅಷ್ಟೇ ಇರತ್ತೆ," ಎಂದ ಡಾರಿಲ್.

ಬಿರುಗಾಳಿಯ ವಾರ ಬಂತು. ಬಂದರಿನವರಿಗೆ ಗುರುವಾರ ಮಧ್ಯಾಹ್ನದೊಳಗೆ ಅಲೆಗಳ ಲೆಕ್ಕ ಕೊಡಬೇಕು. ಇಷ್ಟೊಂದು ಕಿಟಕಿ ಇರುವಾಗ ಮಲ್ಟಿಪ್ಲೆಕ್ಸರ್ ಯಾಕೆ ಎಂದು ಡಾರಿಲ್ ತನ್ನ ಪಾಲಿಗೆ ಬಂದ ಆ ಲೆಕ್ಕವನ್ನು ಬರಿಯ ಟರ್ಮಿನಲ್‌ನಿಂದಲೇ ಸರ್ವರ್‌ನಲ್ಲಿ ಶುರುಮಾಡಿದ್ದ. ಗುರುವಾರ ಬೆಳಿಗ್ಗೆ ಅಂಚಿನ ಬಣ್ಣ ಬದಲಿಸಹೋಗಿ ಏನೋ ಎಡವಟ್ಟು ಮಾಡಿದ. ಕಿಟಕಿಗಳೆಲ್ಲ ಒಟ್ಟಿಗೆ ಮುಚ್ಚಿದವು. ಸಂಪರ್ಕ ಕಡಿದು, ಎರಡು ದಿನದ ಲೆಕ್ಕವೂ ಸತ್ತಿತು.

ಅವನ ಮುಖ ಬಿಳಿಚಿದ್ದು ಕಂಡು ನೊಲೀನ್ ಎದ್ದು ಬಂದಳು. "ಬಣ್ಣ ಚೆನ್ನಾಗ್ ಬಂತಾ?"

"ನಗಬೇಡ ಮಾರಾಯ್ತಿ. ಎಲ್ಲಾ ಹೋಯ್ತು."

"ನಿನ್ ಮೇಲೆ ನಂಗೆ ನಂಬಿಕೆನೇ ಇರ್ಲಿಲ್ಲ. ಮಂಗಳವಾರಾನೇ ಅದೇ ಲೆಕ್ಕ ನಾನೂ ಹಚ್ಚಿಟ್ಟಿದ್ದೆ."

ಸರ್ವರ್‌ನಲ್ಲಿ ಕಳಚಿಟ್ಟಿದ್ದ ತನ್ನ ಮಲ್ಟಿಪ್ಲೆಕ್ಸರ್ ಸೆಷನ್ನಿಗೆ ಮತ್ತೆ ಸೇರಿಕೊಂಡಳು. ಲೆಕ್ಕ ಮುಗಿದು ಕೂತಿತ್ತು. ಬಂದರಿನವರು ಹೊತ್ತಿಗೆ ಸರಿಯಾಗಿ ದೋಣಿಗಳನ್ನು ಒಳಗೆ ಕಟ್ಟಿಹಾಕಿದರು.

"ಹೀಗ್ ಕಳಚೋದು, ಹೀಗ್ ಸೇರ್ಸೋದು. ಇನ್ನೊಂದ್ಸಲ ಹೇಳಲ್ಲ," ಎಂದವಳು ಮೂರು ಸಲ ಹೇಳಿಕೊಟ್ಟಳು.

ಡಾರಿಲ್ ಟೈಲ್ಸ್ ಬಿಡಲಿಲ್ಲ. ಪ್ರತಿ ಟೈಲಿನೊಳಗೂ ಉಬ್ಬರವಿಳಿತದ ಮಾಪಕವಿರುವ ಒಂದೊಂದು ದ್ವೀಪದ ಮಲ್ಟಿಪ್ಲೆಕ್ಸರ್ ಸೆಷನ್ ಕೂರಿಸಿದ. ಸೆಪ್ಟೆಂಬರಿನ ಗಾಳಿಯಲ್ಲಿ ಬ್ರೂನಿ ದ್ವೀಪದ ಮಾಪಕ ಒಂದೇ ಅಂಕಿಗೆ ಅಂಟಿಕೊಂಡಾಗ, ನಾಲ್ಕು ದ್ವೀಪಗಳನ್ನು ಅಕ್ಕಪಕ್ಕ ಇಟ್ಟುಕೊಂಡಿದ್ದ ಅವನಿಗೇ ಮೊದಲು ಕಂಡಿತು. ಒಂದೊಂದಾಗಿ ತಿರುವಿ ನೋಡುತ್ತಿದ್ದ ನೊಲೀನ್‌ಗೆ ಗೊತ್ತೇ ಆಗಿರಲಿಲ್ಲ. ಆಕೆಗೆ ಮೈಯೆಲ್ಲ ಉರಿಯಿತು.

ಸೋಮವಾರ ಅವನ ಮೇಜಿನ ಹತ್ತಿರ ನಿಂತು, ಬೇರೆಲ್ಲೋ ನೋಡುತ್ತ, "ಈ ಟೈಲ್ಸ್‌ನ ಹಾಕ್ಕೊಳೋದ್ ಹೇಗೆ?" ಎಂದಳು.

ಡಾರಿಲ್ ಬಾಯಿಗೆ ಬಂದ ಕೊಂಕು ಮಾತನ್ನು ನುಂಗಿಕೊಂಡು, ಒತ್ತಬೇಕಾದ ಕೀಲಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟ.

ನೊಲೀನ್ ಚೀಟಿ ನೋಡಿ, "ಕೋಳಿ ಕೆದಕಿದಂಗಿದೆ. ಇನ್ನೊಂದ್ಸಲ ನೆಟ್ಟಗೆ ಬರಿ," ಎಂದಳು.