ಅಮೆರಿಕದಿಂದ ಬಂದ ಕಾಕುವಿನ ಟೇಪು

ಮೊನ್ನೆ ಜೇವರ್ಗಿಯ ಬೀಗರ ಮನೆಯಲ್ಲಿ, ಪೂಜೆಗೆ ಕೂತ ಹಿರಿಯರೊಬ್ಬರು ವಿಭೂತಿ ಗಟ್ಟಿಯ ಮೇಲೆ ನಾಲ್ಕು ಹನಿ ನೀರು ಬಿಟ್ಟು ಬೆರಳಾಡಿಸಿದರು. ಆ ಹಸಿ ಬೂದಿಯ ವಾಸನೆ ಮೂಗಿಗೆ ಬಡಿದಾಗ ನನಗೆ ದೇವರು ನೆನಪಾಗಲಿಲ್ಲ, ಬಿಸಿಯೇರಿದ ವಿಡಿಯೋ ಟೇಪು ನೆನಪಾಯಿತು. ಅದರ ಹಿಂದೆಯೇ ಆಳಂದದ ನಮ್ಮ ಎದುರುಮನೆ ಕಾಕಾ ಬಂದು ನಿಂತರು…

ಕಾಕಾ ತೊಗರಿ ವ್ಯಾಪಾರದವರು. ನಿಂಬರ್ಗಾ ಕಡೆಯ ರೈತರೆಲ್ಲ ಅವರ ಅಂಗಡಿಗೇ ಬರುತ್ತಿದ್ದರು. ಬಾಯಿ ಜೋರು, ನಗೆ ಅದಕ್ಕಿಂತ ಜೋರು. ಮಕ್ಕಳಿರಲಿಲ್ಲ. ಅವರ ಹೆಂಡತಿ, ನಮ್ಮೆಲ್ಲರ ಕಾಕು, ಇಜೇರಿಯ ಹೆಣ್ಣುಮಗಳು. ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾಗಿದ್ದರೂ ಹಬ್ಬದ ಹಿಟ್ಟನ್ನು ಮಾತ್ರ ಮನೆಯ ಬೀಸುಕಲ್ಲಿನಲ್ಲೇ ಬೀಸುವರು, ಬೀಸುತ್ತ ಹಾಡುವರು. ಆ ಹಾಡಿನ ಸುದ್ದಿ ಹೇಗೋ ಕಿವಿಗೆ ಬಿದ್ದು, ಜನಪದ ಹಾಡುಗಳ ಅಭ್ಯಾಸಕ್ಕೆಂದು ಬಂದಿದ್ದ ಅಮೆರಿಕದ ಹೆಣ್ಣುಮಗಳೊಬ್ಬಳು ಹೆಗಲ ಮೇಲೆ ಕ್ಯಾಮೆರಾ ಹೊತ್ತು ಅವರ ಮನೆಗೆ ಬಂದಳು. ಯಾರು ಫೋಟೋ ಹಿಡಿಯಲು ಬಂದರೂ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಿದ್ದ ಕಾಕು ಅವಳ ಮುಂದೆ ಎಳೆದುಕೊಳ್ಳಲಿಲ್ಲ. "ಹೆಣ್ಣಿನ ಮುಂದ ಹೆಣ್ಣಿಗ್ಯಾಕ ನಾಚಿಕಿ ಬೇ?" ಎಂದು ನಮ್ಮವ್ವನ ಹತ್ತಿರ ಹೇಳಿದ್ದರು.

ಆಕೆ ತನ್ನ ದೇಶಕ್ಕೆ ಹೋಗಿ ಕಳಿಸಿದ ಟೇಪು ಅಂಚೆಯಲ್ಲಿ ಬರುವ ಹೊತ್ತಿಗೆ ಕಾಕು ಜ್ವರದಲ್ಲಿ ತೀರಿಹೋಗಿದ್ದರು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇರಲಿಲ್ಲ.

ಕಾಕಾ ಆ ಟೇಪನ್ನು ಎದೆಗವಚಿಕೊಂಡು ವಿಡಿಯೋ ಬಾಡಿಗೆಗೆ ಕೊಡುವ ಅಂಗಡಿಗೆ ಹೋದರು. ನಾನೂ ಜೊತೆಗಿದ್ದೆ. ಪರದೆಯ ಮೇಲೆ ಬಣ್ಣವಿಲ್ಲದ ಏನೋ ಒಂದು ಕೆಳಗಿನಿಂದ ಮೇಲಕ್ಕೆ ಉರುಳುತ್ತ ಹೋಯಿತು. ಮುಖವಿರಬಹುದು ಅನ್ನುವಷ್ಟರಲ್ಲಿ ನಡುವೆ ಹರಿದು ಎರಡಾಗುತ್ತಿತ್ತು. ದನಿಯೋ, ಯಾರೋ ಗಂಡಸು ಬಾವಿಯೊಳಗಿಂದ ನರಳಿದಂತೆ… "ಬಂದ್ ಮಾಡ್ರಿ! ಅಕಿಗಿ ಏನೋ ತ್ರಾಸ ಆಗಾಕತ್ತದ!" ಎಂದು ಕಾಕಾ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಆಮೇಲೆ ಟೇಪು ದೇವರ ಜಗಲಿ ಸೇರಿತು. ಪ್ರತಿ ಸೋಮವಾರ ಕಾಕಾ ಇಷ್ಟಲಿಂಗದ ಪೂಜೆ ಮುಗಿಸಿ, ಅದೇ ಒದ್ದೆ ಬೆರಳಿನಿಂದ ಟೇಪಿನ ಮೇಲೂ ಮೂರೆಳೆ ವಿಭೂತಿ ಹಚ್ಚಿ ಒಂದು ಹೂವಿಡುತ್ತಿದ್ದರು. ವರ್ಷಗಟ್ಟಲೆ ಇದು ನಡೆಯಿತು.

ನಾನು ಆಳಂದದ ಬಜಾರಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆ ವಿಡಿಯೋಗಳನ್ನು ಸಿಡಿ ಮಾಡಿಕೊಡುತ್ತಿದ್ದ ಕಾಲಕ್ಕೆ ಕಾಕಾ ಒಂದು ದಿನ ಟೇಪು ಹಿಡಿದು ಬಂದರು. ನಗೆ ಇರಲಿಲ್ಲ.

"ತಮ್ಮಾ, ಮೊದಲ ಕಣ್ ಮುಚ್ಚಿದ್ರ ಅಕಿ ಬರ್ತಿದ್ಳು. ಈಗ ಮೂಗಬಟ್ಟು ಬರ್ತದ, ಬಳಿ ಬರ್ತಾವ… ಮಾರಿ ಬರವಲ್ದು. ಮರ್ತು ಹೋಗಾಕತ್ತದಲೇ. ನಾ ಸಾಯೋದ್ರಾಗ ಒಮ್ಮಿ ಅಕಿ ಮುಖ ತೋರ್ಸು."

ಟೇಪಿನಲ್ಲಿ ದೋಷವಿಲ್ಲ ಎಂಬುದು ಅಷ್ಟರಲ್ಲಿ ನನಗೆ ತಿಳಿದಿತ್ತು. ಅಮೆರಿಕದವರ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಅವರದು ಸೆಕೆಂಡಿಗೆ ಮೂವತ್ತು ಚಿತ್ರ ಬಿಡಿಸಿದರೆ ನಮ್ಮದು ಇಪ್ಪತ್ತೈದು. ಆ ಟೇಪು ಓಡುವ ವೇಗವೂ ಬೇರೆ, ಅದಕ್ಕೇ ಅಂದು ಚಿತ್ರ ಉರುಳಿ ದನಿ ದಪ್ಪಗಾಗಿತ್ತು. ಖಜೂರಿಯ ಗೆಳೆಯನೊಬ್ಬ ಮುಂಬೈಯಿಂದ ತಂದಿದ್ದ ವಿಸಿಆರ್ ಎರಡೂ ಪದ್ಧತಿಯನ್ನು ಓದುತ್ತಿತ್ತು. ಅದನ್ನು ತರಿಸಿ ಕಂಪ್ಯೂಟರಿಗೆ ಜೋಡಿಸಿದೆ.

ಆ ದಿನ ಕಾಕಾ ಒಗೆದ ಧೋತರ ಉಟ್ಟು, ಹೊಸ ರುಮಾಲು ಸುತ್ತಿ ಹೊರಟಿದ್ದನ್ನು ಕಂಡು ನಮ್ಮವ್ವ ಬಾಗಿಲಿನಿಂದಲೇ, "ಏನ್ರಿ ಅಣ್ಣಾ, ಹೆಣ್ಣ ನೋಡಾಕ ಹೊಂಟೀರೇನು?" ಎಂದಳು.

"ಹೌದ ತಂಗಿ. ಆವಾಗ ಹಿರ್ಯಾರ ಮುಂದ ತಲಿನೇ ಎತ್ತಲಿಲ್ಲ. ಇವತ್ತರ ಕಣ್ ತುಂಬ ನೋಡ್ತೇನಿ."

ಅಂಗಡಿಯಲ್ಲಿ ಟೇಪಿನ ಮುಚ್ಚಳ ಎತ್ತಿ ನೋಡಿದೆ. ಹಚ್ಚಿದ ವಿಭೂತಿಯೆಲ್ಲ ಒದ್ದೆಯಾಗಿ ಒಳಗಿಳಿದು, ಒಣಗಿ, ಸುರುಳಿಯ ಅಂಚಿಗೆ ಕಚ್ಚಿಕೊಂಡಿತ್ತು. "ಇದು ಟೇಪನ್ನ ಕೆರೀತದ್ರಿ ಕಾಕಾ" ಎಂದೆ. ಅವರು ತಿರುಗಿ ತಿರುಗಿ ತಮ್ಮ ಬೆರಳನ್ನೇ ನೋಡಿಕೊಂಡರು. "ನಾ ಅಕೀನ ಕಾಯ್ಲಿ ಅಂತ ಹಚ್ಚಿದ್ನಲೇ…"

ಹತ್ತಿಗೆ ಸ್ಪಿರಿಟ್ ಹಾಕಿ ಎಟುಕಿದಷ್ಟು ಒರೆಸಿದೆ. ಟೇಪು ಓಡಿತು, ಹಸಿ ಬೂದಿಯ ವಾಸನೆ ಎದ್ದಿತು. ಈ ಸಲ ಚಿತ್ರ ಉರುಳಲಿಲ್ಲ, ನಿಂತಿತು. ಬಣ್ಣ ಬಂತು. ಬೀಸುಕಲ್ಲು, ಹಸಿರು ಬಳೆ, ಜೋಳ ಹಾಕುವ ಕೈ. ಕಾಕುವಿನ ದನಿ, ತಿಳಿಯಾಗಿ, ಕೋಣೆಯ ತುಂಬ. ಕಾಕಾ ಎರಡೂ ಕೈ ಜೋಡಿಸಿದರು. ಕ್ಯಾಮೆರಾ ಕೈಯಿಂದ ನಿಧಾನ ಮೇಲೇರಿತು… ತೋಳು, ಹೆಗಲು… ಮುಖ ಬರುತ್ತಿದ್ದಂತೆಯೇ ಬಿಳಿ ಗೆರೆಗಳು ಅಡ್ಡಡ್ಡ ಎದ್ದು ಪರದೆಯೆಲ್ಲ ಬೂದಿ ತೂರಿದಂತಾಯಿತು. ಹಾಡು ಮಾತ್ರ ನಿಲ್ಲಲಿಲ್ಲ.

ಇನ್ನೊಮ್ಮೆ ಓಡಿಸಿದಾಗ ಗೆರೆಗಳು ಹೆಚ್ಚಾದವು. ಮೂರನೆಯ ಸಲಕ್ಕೆ ನನಗೆ ಧೈರ್ಯವಾಗಲಿಲ್ಲ. ಮೊದಲ ಸಲ ಕಂಪ್ಯೂಟರಿಗೆ ಇಳಿದಿದ್ದನ್ನೇ ಒಂದೊಂದು ಚಿತ್ರವಾಗಿ ಸರಿಸುತ್ತ ಕುಳಿತೆ. ಬಿಳಿ, ಬಿಳಿ, ಅರ್ಧ ಹಣೆ, ಮತ್ತೆ ಬಿಳಿ… ಕೊನೆಗೆ ಒಂದೇ ಒಂದು ಚಿತ್ರ ಪೂರ್ತಿ ಸ್ವಚ್ಛ ಸಿಕ್ಕಿತು. ಕಾಕು! ಬಾಯಿ ಅಗಲ ತೆರೆದು, ಕಣ್ಣು ಎಲ್ಲೋ ದೂರ ನೆಟ್ಟು ಹಾಡುತ್ತಿದ್ದಾರೆ. ನನಗೆ ನೋಡಿದ ಕೂಡಲೇ ಗುರುತಾಯಿತು.

ಕಾಕಾ ಪರದೆಯ ಹತ್ತಿರ ಮುಖ ಒಯ್ದರು. ಬಹಳ ಹೊತ್ತು ನೋಡಿದರು.

"ಇಕಿ ಯಾರಲೇ?"

"ಕಾಕು ರೀ…"

"ಅಲ್ಲೋ ತಮ್ಮಾ. ದನಿ ಅಕೀದೇ ಅದ. ಮಾರಿ ಮತ್ಯಾರದೋ ಅದ." ಹಿಂದೆ ಸರಿದು ಕೂತರು. ಆಮೇಲೆ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: "ಅಕಿ ಬೀಸೋ ಮುಂದ ನಾ ಗ್ವಾಡಿ ಈಚಿಗಿ ಹಾಸಿಗ್ಯಾಗ ಬಿದ್ದು ಕೇಳ್ತಿದ್ನಿ. ಹಾಡೂ ಮುಂದ ಮಾರಿ ಹ್ಯಾಂಗ ಆಗ್ತಿತ್ತೋ… ಒಂದಿನಾನೂ ಎದ್ದು ಹೋಗಿ ನೋಡಲಿಲ್ಲ ನಾ."

ಪರದೆ ಆರಿಸಲು ಹೇಳಿ ಹಾಡು ಮಾತ್ರ ಕೇಳಿದರು. ಅದನ್ನೇ ಒಂದು ಆಡಿಯೋ ಕ್ಯಾಸೆಟ್ಟಿಗೆ ಇಳಿಸಿ ಕೊಟ್ಟೆ. ಚಿತ್ರ ಬೇಡವೆಂದರು.

ಕಡೆಗಾಲದಲ್ಲಿ ಕಾಕಾ ಅಫಜಲಪುರದ ತಮ್ಮನ ಮನೆಯಲ್ಲಿದ್ದರು. ಅವರು ತೀರಿಹೋದ ಮೇಲೆ ಆ ತಮ್ಮ ನನ್ನನ್ನು ಹುಡುಕಿಕೊಂಡು ಬಂದು, "ವೈನಿದು, ಅಂದ್ರ ನಿಮ್ಮ ಕಾಕುಂದು, ಒಂದ ಫೋಟೋ ನಿಮ್ಮ ಕಂಪ್ಯೂಟರನ್ಯಾಗ ಅದಂತಲ್ರಿ, ಅಣ್ಣನ ಬಾಜೂ ಹಾಕ್ಬೇಕು" ಎಂದ. ಆ ಒಂದೇ ಚಿತ್ರವನ್ನು ಪ್ರಿಂಟ್ ಹಾಕಿ ಕೊಟ್ಟೆ.

ಮೊನ್ನೆ ಜೇವರ್ಗಿಯಿಂದ ತಿರುಗಿ ಬರುವಾಗ ಮನಸ್ಸು ತಡೆಯದೆ ಅಫಜಲಪುರಕ್ಕೆ ಹೋದೆ. ಪಡಸಾಲೆಯ ಗೋಡೆಯ ಮೇಲೆ ಕಾಕಾ ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು. ಮಗ್ಗುಲಲ್ಲಿ, ಅವರು ಅಲ್ಲವೆಂದಿದ್ದ ಆ ಹೆಂಗಸು ಬಾಯಿ ತೆರೆದು, ದನಿಯಿಲ್ಲದೆ, ಇನ್ನೂ ಹಾಡುತ್ತಲೇ ಇದ್ದಳು. ಮನೆಯವರು ಇಬ್ಬರಿಗೂ ಸೇರಿಸಿ ಒಂದೇ ಹಾರ ಹಾಕಿದ್ದರು.