ನೀವು ಹೇಳಿದ್ದನ್ನು ನಾನು ಬರೆಯಲಿಲ್ಲ

ಅಕ್ಕಾ, ಆರು ವರ್ಷದ ಹಿಂದೆ ನೀವು ‘ಹೌದು’ ಎಂದಿರಿ. ನಾನು ‘ಇಲ್ಲ’ ಎಂದು ಗುರುತು ಹಾಕಿದೆ. ನಿಮ್ಮ ಹೆಸರನ್ನು ಇಲ್ಲಿ ಬರೆಯುವುದಿಲ್ಲ — ಅಷ್ಟು ನಿಯಮವನ್ನಾದರೂ ಇಂದು ಪಾಲಿಸುತ್ತೇನೆ.

ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಹೆಂಗಸರನ್ನು ಕೇಳಿ ಬರೆದುಕೊಳ್ಳುವ ಸಮೀಕ್ಷೆ ಅದು. ನನ್ನನ್ನು ನಾಶಿಕದ ಸಾತಪುರಕ್ಕೆ ಹಾಕಿದ್ದೇ ಕನ್ನಡ ಬಲ್ಲವಳೆಂದು. ಗುರುತಿನ ಮನೆ ಬಂದರೆ ಫಾರ್ಮನ್ನು ಬೇರೆಯವರಿಗೆ ಒಪ್ಪಿಸಬೇಕು — ತರಬೇತಿಯ ಮೊದಲ ಪಾಠವೇ ಇದು. ನಿಮ್ಮ ಮಾವ ನನ್ನ ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದವರೆಂದು ಗೊತ್ತಿತ್ತು. ಆದರೂ ಬಾಗಿಲಲ್ಲಿ ನಮ್ಮ ಬೀದರ್ ಕಡೆಯ ಮಾತು ಕಿವಿಗೆ ಬಿದ್ದದ್ದೇ ತಡ, ಪಾಠವೆಲ್ಲ ಮರೆತು ಒಳಗೆ ಬಂದು ಕುಳಿತುಬಿಟ್ಟೆ.

ನಿಮ್ಮ ಅತ್ತೆ ಗುಡಿಗೆ ಹೋಗಿದ್ದರು. ನೀವು ಬಳೆ ಸರಿಸಿ ಮುಂಗೈ ತೋರಿಸಿದಿರಿ; ಸೊಟ್ಟಗೆ ಕೂಡಿಕೊಂಡಿತ್ತು.

“ಕೈ ಮುರದಾಗ ದವಾಖಾನಿಗೆ ಹೋಗಿದ್ದೆ, ತಂಗಿ. ನನಗ ಮರಾಠಿ ಬರಂಗಿಲ್ಲ. ಡಾಕ್ಟರಮ್ಮ ನನ್ನ ಕೇಳಿದ್ರು — ಹೊಡದ ನಮ್ಮ ಮನಿಯವ್ರೇ ನನ್ನ ಬದಲಿ ಜವಾಬು ಕೊಟ್ರು. ಜಾರಿ ಬಿದ್ದಾಳಂತ.”

ಎಂಥ ಧೈರ್ಯ ನಿಮ್ಮದು! ಪೆನ್ನು ಹಿಡಿದಿದ್ದ ನನಗೆ ಮಾತ್ರ ಅಪ್ಪನ ಮುಖ ನೆನಪಾಯಿತು. ನಮ್ಮವರ ಮನೆ, ಮರ್ಯಾದೆ, ಉಪಕಾರ — ಹೇಡಿತನಕ್ಕೆ ಎಷ್ಟೊಂದು ಹೆಸರು! ‘ಮನೆಯಲ್ಲಿ ಹೊಡೆದಿದ್ದಾರೆಯೇ’ ಎಂಬಲ್ಲಿ ‘ಇಲ್ಲ’ ಎಂದು ಗುರುತು ಹಾಕಿ, ನಿಮ್ಮ ಮಾತಿಗೆಂದು ಬಿಟ್ಟಿದ್ದ ಗೆರೆಗಳನ್ನು ಖಾಲಿ ಬಿಟ್ಟೆ.

“ನಾ ಹೇಳಿದ್ದು ಬರಕೊಂಡ್ಯಾ?”

“ಬರಕೊಂಡೀನ್ರಿ, ಅಕ್ಕಾ.”

ಕಳೆದ ತಿಂಗಳು ಛತ್ರಪತಿ ಸಂಭಾಜಿನಗರದ ಸಭೆಯಲ್ಲಿ, ಆ ಸಮೀಕ್ಷೆಯ ವರದಿ ನೋಡಿ ಸರ್ಕಾರ ಹೊರಡಿಸಿದ ಆದೇಶವನ್ನು ಓದಿದರು. ಗಾಯವಾಗಿ ಆಸ್ಪತ್ರೆಗೆ ಬಂದ ಹೆಂಗಸನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕು, ಮನೆಯವರು ಹೊರಗಿರಬೇಕು. ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ‘ಗಂಡ ಹೊರಗೆ ನಿಂತಿದ್ದರೆ ಹೇಳುತ್ತಿದ್ದೆ’ — ಅದೇ ಸಮೀಕ್ಷೆಯಲ್ಲಿ, ಸಿಲ್ಲೋಡಿನ ಹೊಲದಲ್ಲಿ ಹತ್ತಿ ಬಿಡಿಸುತ್ತಾ ಒಬ್ಬಾಕೆ ನನಗೆ ಪಿಸುಗುಟ್ಟಿದ್ದಳು. ಅದನ್ನು ಹಾಗೆಯೇ ಬರೆದುಕೊಂಡಿದ್ದೆ. ಅಂಥ ಎಷ್ಟೋ ಹೆಂಗಸರ ಪಿಸುಮಾತು ಸೇರಿ ಈಗ ಗಂಡಂದಿರನ್ನು ಬಾಗಿಲಾಚೆ ನಿಲ್ಲಿಸುತ್ತಿದೆ! ಇಷ್ಟು ದೂರ ನಡೆಯುವ ಶಕ್ತಿ ಒಂದು ಮಾತಿಗಿದೆಯೆಂದು, ಬರೆದುಕೊಂಡ ನನಗೇ ಗೊತ್ತಿರಲಿಲ್ಲ.

ಆದೇಶವನ್ನು ಇಸಿದುಕೊಂಡು ಎರಡು ಸಲ ಓದಿದೆ. ಒಬ್ಬಳನ್ನೇ ಕೇಳಬೇಕು, ಸರಿ — ಯಾವ ಭಾಷೆಯಲ್ಲಿ? ಆ ಸಾಲು ಇರಲಿಲ್ಲ. ಅದು ನಿಮ್ಮ ಸಾಲು... ನಿಮ್ಮ ಮಾತು ತಿಳಿದವರು ಇಬ್ಬರು ಅದನ್ನು ಆಚೆ ದಾಟಿಸಬೇಕಿತ್ತು. ಆಸ್ಪತ್ರೆಯಲ್ಲಿ ನಿಮ್ಮ ಗಂಡ, ಮನೆಯಲ್ಲಿ ನಾನು. ಇಬ್ಬರೂ ಒಂದೇ ಸುಳ್ಳು ಹೇಳಿದೆವು.

ನಡೆದದ್ದನ್ನೆಲ್ಲ ಸಮೀಕ್ಷೆಯ ಮುಖ್ಯಸ್ಥರಿಗೆ ಬರೆದುಕೊಟ್ಟಿದ್ದೇನೆ. ಕೆಲಸ ಉಳಿಯಲಿಕ್ಕಿಲ್ಲ, ಉಳಿಯಲೂಬಾರದು. ನಿಮ್ಮ ಮಾತು ಈಗಲೂ ಬೇಕು ಎಂದರು ಅವರು. ನೀವು ಒಪ್ಪಿದರೆ ಇನ್ನೊಬ್ಬ ಕನ್ನಡದವಳು ಬರುತ್ತಾಳೆ — ನಾನಲ್ಲ.

ಅವಳು ‘ಬರಕೊಂಡೀನಿ’ ಎಂದರೆ ಸುಮ್ಮನೆ ನಂಬಬೇಡಿ, ಅಕ್ಕಾ. ಓದಿಸಿ ಕೇಳಿರಿ.